ಏನೂ ಆಗಲಿಲ್ಲ ಮೇಡಂ

"ಮೇಡಂ, ಶಾರ್ಟ್ ಮಾಡಿಯೇ ಆನ್ ಮಾಡಿದೆ. ಏನೂ ಆಗಲಿಲ್ಲ."

ಮಂಗಳವಾರ ಸಂಜೆ, ಬೋರ್ಡಿನ ಶಾರ್ಟ್ ಸರ್ಕ್ಯೂಟ್ ಟೆಸ್ಟ್ ಮಾಡುತ್ತಿದ್ದ ಹುಡುಗ ಹೀಗಂದಾಗ ರಿಪೋರ್ಟಿಗೆ ಸಹಿ ಹಾಕಿ ಎದ್ದುಬಿಡಬಹುದಿತ್ತು. ಕ್ಯಾಬ್‌ಗೂ ಹೊತ್ತಾಗಿತ್ತು. ಸುಮ್ನೆ ಒಂದು ಸಲ ನೋಡೋಣ ಅಂತ ಅವನ ಟೇಬಲ್ ಹತ್ತಿರ ಹೋದೆ.

12 ವೋಲ್ಟಿನ ಬೋರ್ಡು. ಕರೆಂಟ್ ಒಳಬರುವ ಕಡೆ ಇ-ಫ್ಯೂಸ್ ಚಿಪ್, ಅಂದರೆ ಕರೆಂಟ್ ಮಿತಿಮೀರದಂತೆ ತಡೆಯುವ ಎಲೆಕ್ಟ್ರಾನಿಕ್ ಫ್ಯೂಸ್. 5 ಆಂಪಿಯರ್ ಲಿಮಿಟ್. ಔಟ್‌ಪುಟ್ಟಿಗೆ ದಪ್ಪ ವೈರ್ ಸೋಲ್ಡರ್ ಮಾಡಿ ಶಾರ್ಟ್ ಮಾಡಿದ್ದ. ಅವನ ಸೋಲ್ಡರಿಂಗ್ ನನಗಿಂತ ಚೆನ್ನ, ಒಪ್ಪಿಕೊಳ್ಳಬೇಕು. ಆನ್ ಮಾಡಿದ. ಹೊಗೆಯಿಲ್ಲ, ಸದ್ದಿಲ್ಲ.

"ನೋಡಿ, ಏನೂ ಆಗಲಿಲ್ಲ."

ಆದರೆ ಪವರ್ ಸಪ್ಲೈ ಮೇಲಿನ ಕೆಂಪು ದೀಪ ಮಿಣುಕುತ್ತಿತ್ತು. ಬೋರ್ಡ್ ಸುಟ್ಟೀತು ಅಂತ ಹೆದರಿ ಸಪ್ಲೈನ ಲಿಮಿಟ್ಟನ್ನೇ 2 ಆಂಪಿಯರ್‌ಗೆ ಇಟ್ಟಿದ್ದ. ಇ-ಫ್ಯೂಸ್ ತನ್ನ 5 ಆಂಪಿಯರ್ ತಲುಪುವ ಮೊದಲೇ ಸಪ್ಲೈ ಸುಸ್ತಾಗಿ ವೋಲ್ಟೇಜ್ ಕುಸಿಯುತ್ತಿತ್ತು. ವೋಲ್ಟೇಜ್ ಸಾಲದೆ ಚಿಪ್ ಆಫ್. ಮತ್ತೆ ಆನ್. ಮತ್ತೆ ಆಫ್. ಟೆಸ್ಟ್ ಆಗಿದ್ದು ಸಪ್ಲೈ, ಚಿಪ್ ಅಲ್ಲ.

ಕ್ಯಾಬಿನಲ್ಲಿ ಅಪ್ಪ ನೆನಪಾದರು. ಫ್ಯೂಸ್ ಪದೇಪದೇ ಹೋಗುತ್ತೆ ಅಂತ ಪಂಪ್‌ಸೆಟ್ಟಿನ ಕಿಟ್‌ಕ್ಯಾಟ್ ಫ್ಯೂಸಿಗೆ ದಪ್ಪ ತಾಮ್ರದ ತಂತಿ ಸುತ್ತಿದ್ದರು. ಮೋಟರ್ ಶಾರ್ಟ್ ಆದ ದಿನ ನಮ್ಮ ಫ್ಯೂಸಿಗೆ ಏನೂ ಆಗಲಿಲ್ಲ. ಊರಿನ ಟಿಸಿಯ, ಅಂದರೆ ಟ್ರಾನ್ಸ್‌ಫಾರ್ಮರಿನ ಫ್ಯೂಸೇ ಹೋಯ್ತು. ಅಕ್ಕಪಕ್ಕದ ಹೊಲದವರೆಲ್ಲ ಬೈಯುತ್ತಿದ್ದರೆ ಅಪ್ಪ ಮಾತ್ರ, "ನಮ್ದು ಗಟ್ಟಿಯಾಗೈತೆ ನೋಡು" ಅಂತ ಕಿಟ್‌ಕ್ಯಾಟ್ ಕಿತ್ತು ತೋರಿಸುತ್ತಿದ್ದರು.

ಬುಧವಾರ ಮತ್ತೆ ಕೂತೆವು. ಸಪ್ಲೈಯಿಂದ ಬೋರ್ಡಿಗೆ ಬರುವ ಉದ್ದನೆ ವೈರ್ ತೆಗೆದು ಗಿಡ್ಡ, ದಪ್ಪ ವೈರ್ ಹಾಕಿದೆವು. ಶಾರ್ಟ್ ಆದ ಕ್ಷಣ ವೋಲ್ಟೇಜ್ ಕುಸಿಯದಿರಲಿ ಅಂತ ಇನ್‌ಪುಟ್ ಪಕ್ಕದಲ್ಲೇ 2200 ಮೈಕ್ರೋಫ್ಯಾರಡ್ ಕೆಪಾಸಿಟರ್. ಸಪ್ಲೈ ಲಿಮಿಟ್ 10 ಆಂಪಿಯರ್. ಹುಡುಗ ಕನ್ನಡಕ ಹಾಕಿಕೊಂಡು ಎರಡು ಹೆಜ್ಜೆ ಹಿಂದೆ ನಿಂತ.

ಈಗ ಕರೆಂಟಿನ ಏರಿಳಿತ ತೋರಿಸುವ ಆಸಿಲೋಸ್ಕೋಪ್ ಮೇಲೆ ನಿಜವಾದ ಚಿತ್ರ ಬಂತು. ಕರೆಂಟ್ 5 ಆಂಪಿಯರ್‌ಗೆ ಏರಿ ಅಲ್ಲೇ ನಿಂತಿತು. ಔಟ್‌ಪುಟ್ ಸೊನ್ನೆ, ಅಂದರೆ 12 ವೋಲ್ಟೂ ಚಿಪ್ ಮೇಲೆಯೇ. ಲೆಕ್ಕ ಹಾಕಿದರೆ 60 ವಾಟ್. ಟೇಬಲ್ ಮೇಲಿದ್ದ ಸೋಲ್ಡರಿಂಗ್ ಐರನ್ನೂ 60 ವಾಟೇ. ಅಷ್ಟು ಬಿಸಿ ಅವರೆಕಾಳಿಗಿಂತ ಚಿಕ್ಕ ಚಿಪ್ಪಿನೊಳಗೆ! ಕೆಲವೇ ಮಿಲಿಸೆಕೆಂಡಿನಲ್ಲಿ ಥರ್ಮಲ್ ಶಟ್‌ಡೌನ್, ಅಂದರೆ ಬಿಸಿ ತಾಳದೆ ಚಿಪ್ ತಾನೇ ಆಫ್. ತಣ್ಣಗಾಗಿ ಮತ್ತೆ ಆನ್, ಮತ್ತೆ ಪೆಟ್ಟು. ಊಟ ಮುಗಿಸಿ ಬಂದರೂ ಪಾಪ, ಹೊಡೆತ ತಿನ್ನುತ್ತಲೇ ಇತ್ತು.

ಮ್ಯಾನೇಜರ್ ಬಂದು, "ಪಾಸಾ ಫೇಲಾ, ಒಂದೇ ಮಾತಲ್ಲಿ ಹೇಳಿ" ಅಂದರು. ಅವರಿಗೆ ಯಾವಾಗಲೂ ಒಂದೇ ಮಾತು ಬೇಕು. ಹುಡುಗ ನನ್ನ ಮುಖ ನೋಡಿದ. ಈ ಸಲ "ಏನೂ ಆಗಲಿಲ್ಲ" ಅನ್ನಲಿಲ್ಲ. "ಇನ್ನೂ ನೋಡ್ತಾ ಇದೀವಿ ಸಾರ್" ಅಂದ. ಖುಷಿಯಾಯ್ತು.

ನಿದ್ದೆ ಕೆಟ್ಟಿದ್ದು ರಾತ್ರಿ. ನನ್ನದೇ ಹಳೆ ರಿಪೋರ್ಟ್ ತೆಗೆದು ನೋಡಿದೆ. 'ಶಾರ್ಟ್ ಸರ್ಕ್ಯೂಟ್ ಟೆಸ್ಟ್: ಪಾಸ್'. ಸಪ್ಲೈ ಲಿಮಿಟ್ ಎಷ್ಟಿತ್ತು ಅಂತ ಎಲ್ಲೂ ಬರೆದಿಲ್ಲ. ಆ ಬೋರ್ಡ್ ಒಂದಾದರೂ ಉಳಿದಿದೆಯಾ ಅಂತ ಸ್ಟೋರ್ಸಿನವರನ್ನು ಕೇಳಿದ್ದೇನೆ. ಸೋಮವಾರ ಹುಡುಕಿಕೊಡ್ತಾರಂತೆ.