ಸ್ನೇಹಿತರ ಮನೆ ಇರುವಾಗ ಕ್ಯಾಂಪರ್‌ವ್ಯಾನ್ ಯಾಕೆ?

ನ್ಯೂಜಿಲೆಂಡ್‌ನ ದಕ್ಷಿಣ ದ್ವೀಪವನ್ನು ನಾನೂ ನನ್ನ ಗಂಡನೂ ಕ್ಯಾಂಪರ್‌ವ್ಯಾನ್‌ನಲ್ಲಿ, ಅಂದರೆ ಒಳಗೇ ಅಡುಗೆ ಮಾಡಿ ಮಲಗಬಹುದಾದ ಗಾಡಿಯಲ್ಲಿ, ಸುತ್ತಿ ಬಂದ ಮೇಲೆ ಎಲ್ಲರೂ ಕೇಳುವುದು ಇದನ್ನೇ. "ಡುನೆಡಿನ್‌ನಲ್ಲಿ ನಿನ್ನ ಗೆಳತಿಯ ಮನೆ ಇತ್ತಲ್ಲ, ಅಲ್ಲೇ ಇದ್ದುಕೊಂಡು ಎಲ್ಲಾ ನೋಡಬಹುದಿತ್ತು. ಅಷ್ಟು ಚಿಕ್ಕ ವ್ಯಾನ್‌ನಲ್ಲಿ ಇಬ್ಬರೇ ಇದ್ದು ಜಗಳ ಆಗಲಿಲ್ವಾ?"

ಎರಡಕ್ಕೂ ನನ್ನ ಉತ್ತರ ಒಂದೇ. ವ್ಯಾನ್ ಇದ್ದದ್ದಕ್ಕೇ ಗೆಳತಿಯ ಮನೆಯಲ್ಲಿ ಹಾಯಾಗಿ ಇದ್ದೆವು. ಗೆಳತಿಯ ಮನೆ ಇದ್ದದ್ದಕ್ಕೇ ವ್ಯಾನ್‌ನಲ್ಲೂ ನೆಮ್ಮದಿಯಾಗಿ ಇದ್ದೆವು. ಆದರೆ ಸ್ನೇಹಿತರ ಮನೆ ಪ್ರವಾಸದ ನಡುವೆ ಬರಬೇಕು. ಇದನ್ನು ನಾನು ಯಾರು ಕೇಳಿದರೂ ಒತ್ತಿ ಹೇಳುತ್ತೇನೆ.

ನಮ್ಮ ದಾರಿ ಹೀಗಿತ್ತು. ಕ್ರೈಸ್ಟ್‌ಚರ್ಚ್‌ನಲ್ಲಿ ವ್ಯಾನ್ ತೆಗೆದುಕೊಂಡು ಟೆಕಪೊ ಸರೋವರ, ಔರಾಕಿ ಪರ್ವತದ ಬುಡ, ವಾನಾಕ, ಕ್ವೀನ್ಸ್‌ಟೌನ್, ಟೆ ಆನೌ, ಮಿಲ್ಫರ್ಡ್ ಸೌಂಡ್ ಎಂಬ ಬೆಟ್ಟಗಳ ನಡುವಿನ ಕಡಲ ಕವಲು. ಆಮೇಲೆ ಪೂರ್ವಕ್ಕೆ ತಿರುಗಿ ಡುನೆಡಿನ್. ಅಲ್ಲಿಂದ ಸಮುದ್ರದ ಪಕ್ಕ ಓಮಾರು ಹಾದು ಮತ್ತೆ ಕ್ರೈಸ್ಟ್‌ಚರ್ಚ್. ಅಲ್ಲಿ ಗಾಡಿ ಓಡಿಸುವುದು ರಸ್ತೆಯ ಎಡಗಡೆ. ಪ್ರವಾಸಿಗರಿಗೆ ಇಂಗ್ಲಿಷ್‌ನಲ್ಲಿರುವ ತಮ್ಮ ಊರಿನ ಲೈಸೆನ್ಸೇ ಸಾಕು. ಒಂದೇ ಗಾಡಿ ಹಿಡಿಸುವ ಸೇತುವೆಗಳು ಮಾತ್ರ ದಾರಿಯುದ್ದಕ್ಕೂ ಸಿಗುತ್ತವೆ. ಫಲಕದಲ್ಲಿ ನಮ್ಮ ಕಡೆಯ ಬಾಣ ಚಿಕ್ಕದಾಗಿ, ಕೆಂಪಾಗಿ ಇದ್ದರೆ ನಾವು ನಿಂತು ಎದುರಿನವರಿಗೆ ದಾರಿ ಬಿಡಬೇಕು.

ಈಗ ವ್ಯಾನಿನ ಒಳಗೆ ಬನ್ನಿ. ಹಗಲಿನಲ್ಲಿ ಹಿಂಭಾಗದಲ್ಲಿ ಒಂದು ಮೇಜು, ಎರಡು ಕಡೆ ಬೆಂಚು. ರಾತ್ರಿ ಮೇಜಿನ ಕಾಲು ಕಳಚಿ, ಹಲಗೆಯನ್ನು ಎರಡು ಬೆಂಚುಗಳ ಅಂಚಿಗೆ ಕೂರಿಸಿ, ಬೆನ್ನಿಗೆ ಒರಗಿಸಿದ್ದ ಮೆತ್ತೆಗಳನ್ನು ಬಿಗಿಯಾಗಿ ಜೋಡಿಸಿದರೆ ಹಾಸಿಗೆ. ಮೆತ್ತೆ ಜೋಡಿಸುವುದಕ್ಕೆ ಒಂದು ಕ್ರಮ ಇದೆ. ಅದು ತಪ್ಪಿದರೆ ಸರಿಯಾಗಿ ಸೊಂಟದ ಕೆಳಗೇ ಸಂದು ಬೀಳುತ್ತದೆ. ಒಬ್ಬರು ಹಾಸುವಾಗ ಇನ್ನೊಬ್ಬರು ಮುಂದಿನ ಸೀಟಿಗೆ ಹೋಗಿ ಕೂರಬೇಕು, ಇಲ್ಲವೇ ಹೊರಗೆ ನಿಲ್ಲಬೇಕು. ಇಬ್ಬರೂ ಒಟ್ಟಿಗೆ ಓಡಾಡುವಷ್ಟು ಜಾಗ ಇಲ್ಲ.

ಜಗಳ ಆಯಿತು. ಆಗದೆ ಇರುತ್ತದಾ? ಆದರೆ ಮನೆಯಲ್ಲಾದರೆ ಮುನಿಸಿಕೊಂಡು ಬೇರೆ ಕೋಣೆಗೆ ಹೋಗಬಹುದು. ಇಲ್ಲಿ ಮುನಿಸಿಕೊಂಡವರೇ ಪಕ್ಕದಲ್ಲಿ ಕೂತು ಮ್ಯಾಪ್ ನೋಡಿ ದಾರಿ ಹೇಳಬೇಕು. ಎಲ್ಲಿ ತಿರುಗಬೇಕು ಅಂತ ಅವನು ಕೇಳಲೇಬೇಕು, ನಾನು ಹೇಳಲೇಬೇಕು. ಹಾಗೇ ಮಾತು ಮತ್ತೆ ಶುರುವಾಗುತ್ತದೆ. ಗಂಡ ಹೆಂಡತಿ ಇಷ್ಟು ಹೊತ್ತು ಒಂದೇ ಕಡೆ ನೋಡುತ್ತಾ, ಒಂದೇ ಕೆಲಸ ಹಂಚಿಕೊಂಡು ಮಾಡುವುದು ದಿನನಿತ್ಯದ ಬದುಕಿನಲ್ಲಿ ಎಲ್ಲಿ ಸಿಗುತ್ತದೆ ಹೇಳಿ?

ನಿಜವಾಗಿ ಕಷ್ಟ ಅನಿಸಿದ್ದು ಮಿಲ್ಫರ್ಡ್ ರಸ್ತೆಯಲ್ಲಿ. ಮಿಲ್ಫರ್ಡ್ ಸೌಂಡ್‌ನಲ್ಲಿ ವರ್ಷಕ್ಕೆ 6 ಮೀಟರಿಗೂ ಜಾಸ್ತಿ ಮಳೆ ಬೀಳುತ್ತದೆ. ನಾವು ತಂಗಿದ್ದು ಆ ರಸ್ತೆಯಲ್ಲೇ ಇರುವ ಕ್ಯಾಸ್ಕೇಡ್ ಕ್ರೀಕ್ ಎಂಬ ಜಾಗದಲ್ಲಿ. ಸರ್ಕಾರದ ಸಂರಕ್ಷಣಾ ಇಲಾಖೆ ನಡೆಸುವ ಕ್ಯಾಂಪು ಅದು. ಗುಂಡಿ ಶೌಚಾಲಯ ಉಂಟು, ಕರೆಂಟ್ ಇಲ್ಲ. ರಾತ್ರಿಯಿಡೀ ಮಳೆ ಹೊಯ್ಯಿತು. ಬೆಳಿಗ್ಗೆ ಕಿಟಕಿಯ ಗಾಜಿನ ಒಳಗಡೆ ನಮ್ಮ ಉಸಿರಿನ ಹಬೆಯೇ ನೀರಾಗಿ ಇಳಿಯುತ್ತಿತ್ತು. ಜಾಕೆಟ್ ಒದ್ದೆ, ಕಾಲುಚೀಲ ಒದ್ದೆ, ಟವೆಲ್ ಒದ್ದೆ. ಬಾಗಿಲು ತೆರೆದರೆ ಸ್ಯಾಂಡ್‌ಫ್ಲೈ. ಗಾತ್ರ ಚಿಕ್ಕದು, ಕಚ್ಚಿದರೆ ತುರಿಕೆ ದಿನಗಟ್ಟಲೆ.

ಈ ಹುಳಗಳ ಬಗ್ಗೆ ಅಲ್ಲಿನ ಮೂಲನಿವಾಸಿಗಳಾದ ಮಾವೊರಿ ಜನರಲ್ಲಿ ಒಂದು ಕಥೆ ಇದೆ. ಮಿಲ್ಫರ್ಡ್ ಎಷ್ಟು ಚೆನ್ನಾಗಿತ್ತೆಂದರೆ ಬಂದ ಮನುಷ್ಯರು ವಾಪಸ್ ಹೋಗುವುದೇ ಇಲ್ಲ ಎಂದು ಹಿನೆ-ನುಯಿ-ಟೆ-ಪೊ ಎಂಬ ದೇವತೆಗೆ ಚಿಂತೆ ಆಯಿತಂತೆ. ಅದಕ್ಕೇ ಅವಳು ಈ ಹುಳಗಳನ್ನು ಅಲ್ಲಿ ಬಿಟ್ಟಳಂತೆ. ಚೆನ್ನಾಗಿರುವ ಕಡೆ ಅತಿಯಾಗಿ ಉಳಿಯಬಾರದು ಎಂಬ ಈ ಮಾತು ನನಗೆ ನೆಂಟರ ಮನೆಗೂ ಸರಿ ಅನಿಸುತ್ತದೆ.

ಅದೇ ರಸ್ತೆಯಲ್ಲಿ 1954ರಲ್ಲಿ ತೆರೆದ ಹೋಮರ್ ಸುರಂಗ ಇದೆ. ಬಂಡೆ ಕೊರೆದು ಮಾಡಿದ 1.2 ಕಿಲೋಮೀಟರ್ ಉದ್ದದ ದಾರಿ. ಬಾಯಿಯ ಹತ್ತಿರ ಕಾಯುವಾಗ ಕಿಯಾ ಎಂಬ ಹಸಿರು ಬೆಟ್ಟದ ಗಿಳಿ ಬಂದು ನಮ್ಮ ಕನ್ನಡಿಯ ಮೇಲೆ ಕೂತಿತು. ಕೊಕ್ಕನ್ನು ಕಿಟಕಿಯ ಅಂಚಿನ ರಬ್ಬರ್‌ಗೆ ಸಿಕ್ಕಿಸಿ, ತಲೆ ಓರೆ ಮಾಡಿ ನಮ್ಮನ್ನೇ ನೋಡುತ್ತಾ ಎಳೆಯಿತು. ರಾತ್ರಿಯ ಬೇಸರವೆಲ್ಲಾ ಅಲ್ಲೇ ಹೋಯಿತು. ಅದಕ್ಕೆ ತಿನ್ನಲು ಏನೂ ಕೊಡಬಾರದು, ನೆನಪಿರಲಿ.

ಹೀಗೆ ಒದ್ದೆ ಬಟ್ಟೆಯ ಮೂಟೆ ಹೊತ್ತುಕೊಂಡು ಡುನೆಡಿನ್ ಸೇರಿದೆವು. ಗೆಳತಿ ಬಾಗಿಲು ತೆರೆದು ಮೊದಲು ಕೇಳಿದ್ದೇ, "ಒಗೆಯುವ ಬಟ್ಟೆ ಎಲ್ಲಿ? ತಾ ಇಲ್ಲಿ." ಇದಕ್ಕೇ ನಾನು ಹೇಳುವುದು, ಸ್ನೇಹಿತರ ಮನೆ ನಡುವೆ ಬರಲಿ ಅಂತ. ಶುರುವಿನಲ್ಲೇ ಹೋದರೆ ನಿದ್ದೆ ಇಲ್ಲದ ಕಣ್ಣು, ಹೇಳಲು ಸುದ್ದಿಯೂ ಇಲ್ಲ. ಕೊನೆಗೆ ಹೋದರೆ ಮನಸ್ಸು ಆಗಲೇ ವಿಮಾನ ಹತ್ತಿರುತ್ತದೆ. ನಡುವೆ ಹೋದರೆ ಬಿಸಿನೀರಿನ ಸ್ನಾನದ ಬೆಲೆ ಗೊತ್ತಿರುತ್ತದೆ, ಊಟಕ್ಕೆ ಕೂತರೆ ಕಥೆ ಮುಗಿಯುವುದಿಲ್ಲ. ಇಬ್ಬರೇ ಇದ್ದು ಇದ್ದು ಬತ್ತಿದ ಮಾತಿಗೆ ಮೂರನೆಯವರು, ನಾಲ್ಕನೆಯವರು ಸೇರಿಕೊಳ್ಳುತ್ತಾರೆ. ನನ್ನ ಗಂಡ ಅವಳಿಗೆ ಕಿಯಾ ಬಗ್ಗೆ ಹೇಳುವುದನ್ನು ಕೇಳುತ್ತಾ, ನಾನೂ ಅಲ್ಲೇ ಇದ್ದೆನಲ್ಲ, ಇದೆಲ್ಲ ನನಗೆ ಕಾಣಲೇ ಇಲ್ಲವಲ್ಲ ಅಂದುಕೊಂಡೆ.

ಡುನೆಡಿನ್ ಇಳಿಜಾರಿನ ಊರು. ಪ್ರಪಂಚದಲ್ಲೇ ಅತಿ ಕಡಿದಾದ ರಸ್ತೆ ಎಂದು ಹೆಸರಾದ ಬಾಲ್ಡ್ವಿನ್ ಸ್ಟ್ರೀಟ್ ಇರುವುದು ಇಲ್ಲೇ. ಗೆಳತಿಯ ಮನೆಯಂಗಳವೂ ಇಳಿಜಾರೇ. ವ್ಯಾನನ್ನು ಅಲ್ಲಿ ಹಾಗೆಯೇ ನಿಲ್ಲಿಸಿ ಮಲಗಿದರೆ ರಾತ್ರಿಯೆಲ್ಲಾ ತಲೆಗೆ ರಕ್ತ ಇಳಿಯುತ್ತದೆ. ಅವಳ ಗಂಡ ಗ್ಯಾರೇಜಿನಿಂದ ಹಲಗೆ ತಂದು ಮುಂದಿನ ಚಕ್ರಗಳ ಮುಂದೆ ಇಟ್ಟರು. ಒಂದು ಲೋಟ ನೀರು ತುಂಬಿ ವ್ಯಾನಿನ ಅಡುಗೆಕಟ್ಟೆಯ ಮೇಲೆ ಇಟ್ಟೆ. ನನ್ನ ಗಂಡ ಅಂಗುಲ ಅಂಗುಲವಾಗಿ ಹಲಗೆ ಹತ್ತಿಸಿದ. ಲೋಟದ ಅಂಚಿಗೆ ನೀರು ಸಮ ಬರುವವರೆಗೂ ನಾನು ಒಳಗಿಂದ "ಇನ್ನೂ ಸ್ವಲ್ಪ" ಅನ್ನುತ್ತಿದ್ದೆ.

ಹಗಲು ಅವರ ಮನೆ, ರಾತ್ರಿ ನಮ್ಮ ವ್ಯಾನ್. ಅವರು ಹಾಸಿಗೆ ಬಿಟ್ಟುಕೊಡಬೇಕಿಲ್ಲ, ನಾವು ಬೇಗ ಎದ್ದರೆ ಯಾರ ನಿದ್ದೆಯೂ ಕೆಡುವುದಿಲ್ಲ. ಸುತ್ತಾಡಲು ನಮ್ಮದೇ ಗಾಡಿ ಇದ್ದುದರಿಂದ ಅವರು ರಜೆ ಹಾಕಬೇಕಾಗಿಯೂ ಬರಲಿಲ್ಲ. ಆದರೆ ವ್ಯಾನನ್ನು ಮನೆಯಂಗಳದಲ್ಲೇ ನಿಲ್ಲಿಸಿ. ಮನೆ ಮುಂದಿನ ರಸ್ತೆಯಲ್ಲಿ ನಿಲ್ಲಿಸಿ ಮಲಗಿದರೆ ಆ ಊರಿನ ಕ್ಯಾಂಪಿಂಗ್ ನಿಯಮ ಅನ್ವಯಿಸುತ್ತದೆ, ದಂಡ ಬೀಳಬಹುದು. ಪಾತ್ರೆ ತೊಳೆದ ನೀರನ್ನು ಅಂಗಳದ ಚರಂಡಿಗೆ ಬಿಡಬೇಡಿ. ಅಲ್ಲಿ ಮಳೆನೀರಿನ ಚರಂಡಿ ನೇರ ಹೊಳೆಗೋ ಸಮುದ್ರಕ್ಕೋ ಹೋಗುತ್ತದೆ. ಶೌಚದ ತೊಟ್ಟಿಯನ್ನೂ ಸ್ನೇಹಿತರ ಮನೆಯಲ್ಲಿ ಖಾಲಿ ಮಾಡಬೇಡಿ. ಅದಕ್ಕೆಂದೇ ಊರೂರಿನಲ್ಲಿ ಡಂಪ್ ಸ್ಟೇಷನ್ ಇವೆ.

ಎಲ್ಲಕ್ಕಿಂತ ನನಗೆ ಖುಷಿ ಕೊಟ್ಟದ್ದು ಒಟಾಗೊ ಪರ್ಯಾಯ ದ್ವೀಪದ ತುದಿಯಲ್ಲಿ, ಟೈಯರೋವಾ ಹೆಡ್ ಎಂಬಲ್ಲಿ. ರಾಯಲ್ ಆಲ್ಬಟ್ರಾಸ್ ಹಕ್ಕಿಗಳು ಅಲ್ಲಿ ಗೂಡು ಕಟ್ಟುತ್ತವೆ. ರೆಕ್ಕೆ ಬಿಚ್ಚಿದರೆ ಸುಮಾರು 3 ಮೀಟರ್. ಗೆಳತಿಯೂ ಅವಳ ಗಂಡನೂ ತಮ್ಮ ಕಾರಿನಲ್ಲಿ ಬಂದರು, ಏಕೆಂದರೆ ನಮ್ಮ ವ್ಯಾನಿನಲ್ಲಿ ಎರಡೇ ಸೀಟು. ವಾಪಸ್ ಬರುವಾಗ ಸಮುದ್ರದ ಬದಿ ನಿಲ್ಲಿಸಿ, ಮಡಚುವ ಕುರ್ಚಿ ಹಾಕಿ, ನಾವೇ ಚಹಾ ಮಾಡಿ ಕೊಟ್ಟೆವು. ಗಾಳಿಗೆ ಒಲೆ ಆರದಂತೆ ಬಾಗಿಲು ಅರ್ಧ ಎಳೆದು, ನಾಲ್ಕು ಲೋಟ ತುಂಬಿದೆ. ಅತಿಥಿಗಳಾಗಿ ಹೋದ ನಾವು ಅವತ್ತು ಅವರನ್ನು ಉಪಚರಿಸಿದೆವು. ಬರೀ ಅವರ ಮನೆಯಲ್ಲಿದ್ದರೆ ಇದು ಆಗುತ್ತಿತ್ತಾ?

ಖರ್ಚಿನ ಬಗ್ಗೆಯೂ ಹೇಳಿಬಿಡುತ್ತೇನೆ. ದುಡ್ಡು ಉಳಿಯುತ್ತದೆ ಎಂದು ವ್ಯಾನ್ ಹತ್ತಬೇಡಿ. ಬಾಡಿಗೆ ಒಂದು, ಡೀಸೆಲ್ ಒಂದು, ಡೀಸೆಲ್ ಗಾಡಿಗೆ ಕಿಲೋಮೀಟರ್ ಲೆಕ್ಕದ ರಸ್ತೆ ತೆರಿಗೆ ಇನ್ನೊಂದು. ಪುಕ್ಕಟೆ ಎಲ್ಲಿ ಬೇಕಾದರೂ ಮಲಗಬಹುದು ಎಂಬುದೂ ಸುಳ್ಳು. ಅದಕ್ಕೆ 2011ರಿಂದಲೇ ಕಾನೂನು ಇದೆ. 2023ರ ತಿದ್ದುಪಡಿಯ ಪ್ರಕಾರ, ಸ್ವಾವಲಂಬಿ ವಾಹನ (ತನ್ನ ಶೌಚ, ಕೊಳೆನೀರನ್ನು ಒಳಗೇ ಹಿಡಿದಿಡುವ ಗಾಡಿ) ಎಂಬ ಪ್ರಮಾಣಪತ್ರ ಬೇಕಾದರೆ ಒಳಗೆ ಶೌಚಾಲಯ ಕದಲದಂತೆ ಕೂರಿಸಿರಬೇಕು. ಬಾಡಿಗೆಗೆ ತೆಗೆದುಕೊಳ್ಳುವಾಗ ಇದನ್ನು ಕೇಳಿ.

ಸ್ನೇಹಿತರ ಮನೆಯಲ್ಲಿ ಎಷ್ಟು ದಿನ ಉಳಿಯಬೇಕು ಎನ್ನುವವರಿಗೆ ನನ್ನ ಮಾತು, ಎರಡು ಅಥವಾ ಮೂರು ರಾತ್ರಿ. ಬಟ್ಟೆ ಒಣಗಬೇಕು, ಮಾತು ಮುಗಿಯಬಾರದು.

ಮುಂದಿನ ಸಲ ಉತ್ತರ ದ್ವೀಪವೂ ಸೇರಬೇಕು ಎಂದಿದ್ದೇವೆ. ಆಕ್ಲೆಂಡ್‌ನಿಂದ ಇಳಿದು ಬಂದು ವೆಲ್ಲಿಂಗ್ಟನ್‌ನಲ್ಲಿ ಫೆರಿ ಹತ್ತಿದರೆ ಸುಮಾರು ಮೂರೂವರೆ ಗಂಟೆಯಲ್ಲಿ ದಕ್ಷಿಣ ದ್ವೀಪದ ಪಿಕ್ಟನ್. ವ್ಯಾನಿನ ಉದ್ದ ಹೇಳಿ ಮುಂಚೆಯೇ ಬುಕ್ ಮಾಡಬೇಕು, ಹತ್ತುವ ಮೊದಲು ಗ್ಯಾಸ್ ಸಿಲಿಂಡರ್ ಬಂದ್ ಮಾಡಬೇಕು. ವೆಲ್ಲಿಂಗ್ಟನ್‌ನಲ್ಲೂ ನಮ್ಮ ಪರಿಚಯದವರಿದ್ದಾರೆ. ದಾರಿಯ ನಡುವೆಯೇ ಬರುತ್ತದೆ ಅವರ ಮನೆ. ಅಂಗಳ ಇದೆಯಾ ಎಂದು ಈಗಲೇ ಕೇಳಿಟ್ಟಿದ್ದೇವೆ.