ಹಳೆ ಲ್ಯಾಟಿಟ್ಯೂಡ್‌ಗೆ ಅಡಾಪ್ಟರ್: 65 ಸಾಕೆ, 90 ಬೇಕೆ?

ಸ್ಥಳ: ಮೈಸೂರು, ಕುವೆಂಪುನಗರ. ಯಂತ್ರ: 14 ಇಂಚಿನ ಹಳೆ ಡೆಲ್ ಲ್ಯಾಟಿಟ್ಯೂಡ್, ಎರಡು ಕೋರಿನ ಐ5, ಎಸ್‌ಎಸ್‌ಡಿ, 51 ವ್ಯಾಟ್-ಅವರ್ ಬ್ಯಾಟರಿ. ಮೇಜಿನ ಮೇಲಿರುವ ಅಡಾಪ್ಟರ್‌ಗಳು ಮೂರು. ಒಂದು ಅಸಲಿ 65 ವ್ಯಾಟಿನದು, ಆದರೆ ಪ್ಲಗ್ಗಿನ ಬುಡದಲ್ಲಿ ತಂತಿ ನಲುಗಿದೆ. ಇನ್ನೊಂದು ಅಂಗಡಿಯಲ್ಲಿ ಕೊಂಡ ಹೆಸರಿಲ್ಲದ 90 ವ್ಯಾಟಿನದು. ಮೂರನೆಯದು 65 ವ್ಯಾಟಿನ ಟೈಪ್-ಸಿ ಚಾರ್ಜರ್, ಜೊತೆಗೆ 7.4 ಮಿ.ಮೀ. ತುದಿಯ ಪರಿವರ್ತಕ ತಂತಿ.

ದಿನ 1: ಲೇಬಲ್

ಲ್ಯಾಪ್‌ಟಾಪಿನ ತಳದಲ್ಲಿ 19.5 ವೋಲ್ಟ್, 3.34 ಆಂಪಿಯರ್ ಎಂದಿದೆ. ಗುಣಿಸಿದರೆ 65 ವ್ಯಾಟ್. ಇದು ಸದಾ ಎಳೆಯುವ ಲೆಕ್ಕವಲ್ಲ, ಎಳೆಯಬಹುದಾದ ಗರಿಷ್ಠ. ವೋಲ್ಟ್ ಹೊಂದಲೇಬೇಕು. ಆಂಪಿಯರ್ ಅಷ್ಟೇ ಇರಬೇಕು ಅಥವಾ ಹೆಚ್ಚಿರಬೇಕು. 90 ವ್ಯಾಟಿನದನ್ನು ಚುಚ್ಚಿದರೆ ಬೋರ್ಡ್ ಸುಡುತ್ತದೆ ಎಂಬ ಭಯ ಬಹಳ ಜನಕ್ಕಿದೆ. ಸುಡುವುದಿಲ್ಲ. ಅಡಾಪ್ಟರ್ ಕರೆಂಟನ್ನು ನೂಕುವುದಿಲ್ಲ, ಲ್ಯಾಪ್‌ಟಾಪ್ ಕೇಳಿದಷ್ಟೇ ಹೋಗುತ್ತದೆ. ಸುಡುವುದು ವೋಲ್ಟ್ ಏರಿದಾಗ ಅಥವಾ ಧನ-ಋಣ ಅದಲುಬದಲಾದಾಗ.

ದಿನ 2: ನಿಜವಾದ ಎಳೆತ

ಮೊದಲು ಅಡಾಪ್ಟರ್ ಇಲ್ಲದೆ, ಬರೀ ಬ್ಯಾಟರಿಯಲ್ಲಿ. ಲಿನಕ್ಸ್‌ನ ಪವರ್‌ಟಾಪ್ ಎಂಬ ತಂತ್ರಾಂಶ ಬ್ಯಾಟರಿ ಖಾಲಿಯಾಗುವ ವೇಗವನ್ನು ವ್ಯಾಟಿನಲ್ಲೇ ತೋರಿಸುತ್ತದೆ. ಸುಮ್ಮನೆ ಕೂತಾಗ, ಪರದೆ ಅರ್ಧ ಬೆಳಕಿನಲ್ಲಿ, 8.5. ವಿಡಿಯೊ ಓಡುವಾಗ 14. ಎರಡೂ ಕೋರ್ ಪೂರ್ತಿ ದುಡಿಯುವಾಗ, ಪರದೆ ಪೂರ್ತಿ ಬೆಳಕಿನಲ್ಲಿ, 33. ಹೊರಗಿನ ಹಾರ್ಡ್‌ಡಿಸ್ಕ್ ಸೇರಿಸಿದರೆ 37. ಪ್ರತಿ ಅಂಕಿಗೂ ಐದು ನಿಮಿಷ ಬಿಟ್ಟು ನೋಡಬೇಕು. ಆನ್ ಆದ ಕೂಡಲೇ ಬರುವ ಸಂಖ್ಯೆ ನಂಬುವಂಥದ್ದಲ್ಲ.

ಆಮೇಲೆ ಗೋಡೆಯ ಕಡೆಯಿಂದ, ಅಸಲಿ ಅಡಾಪ್ಟರಿನಲ್ಲಿ. ತಂತಿಯನ್ನು ಒಂದು ಕೋನಕ್ಕೆ ಬಾಗಿಸಿ ಟೇಪು ಹಾಕಿದರೆ ಸದ್ಯಕ್ಕೆ ನಡೆಯುತ್ತದೆ. ವ್ಯಾಟ್ ಮೀಟರ್ ಇಲ್ಲದವರಿಗೆ ವಿದ್ಯುತ್ ಕಂಪನಿ ಸೆಸ್ಕ್ ಹಾಕಿರುವ ಮನೆಯ ಮೀಟರೇ ಸಾಕು. ಅದರಲ್ಲಿ ಮಿನುಗುವ ಕೆಂಪು ದೀಪದ ಪಕ್ಕ ಒಂದು ಯೂನಿಟ್ಟಿಗೆ ಎಷ್ಟು ಮಿನುಗು ಎಂದು ಬರೆದಿರುತ್ತದೆ. ಇಲ್ಲಿ 3200. ಹಾಗಾದರೆ ಒಂದು ಮಿನುಗಿಗೆ 1125 ಜೌಲ್. ಎರಡು ಮಿನುಗುಗಳ ನಡುವಿನ ಸೆಕೆಂಡುಗಳಿಂದ 1125ನ್ನು ಭಾಗಿಸಿದರೆ ವ್ಯಾಟ್ ಸಿಗುತ್ತದೆ. ಫ್ರಿಜ್, ವೈಫೈ, ದೇವರ ಮನೆಯ ದೀಪ, ಎಲ್ಲವನ್ನೂ ಆರಿಸಿರಬೇಕು.

ಬ್ಯಾಟರಿ ಖಾಲಿ, ಪ್ರೊಸೆಸರ್ ಪೂರ್ತಿ ಹೊರೆಯಲ್ಲಿ: 10 ಮಿನುಗಿಗೆ 156 ಸೆಕೆಂಡ್. ಅಂದರೆ ಗೋಡೆಯಿಂದ 72 ವ್ಯಾಟ್. ಅಡಾಪ್ಟರಿನ ದಕ್ಷತೆ ಸುಮಾರು 88 ಶೇಕಡಾ ಎಂದು ಹಿಡಿದರೆ ಲ್ಯಾಪ್‌ಟಾಪಿಗೆ ಹೋಗುವುದು 63.

ತಂತಿಯನ್ನು ಸುತ್ತಿ ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರಿನಿಂದ ಇದೇ ಹೊತ್ತಿನಲ್ಲಿ 0.55 ಆಂಪಿಯರ್ ಬಂತು. 230ರಿಂದ ಗುಣಿಸಿದರೆ 126. ಇದು ವ್ಯಾಟ್ ಅಲ್ಲ, ವೋಲ್ಟ್-ಆಂಪಿಯರ್. ಇಂಥ ಸಣ್ಣ ಅಡಾಪ್ಟರುಗಳಲ್ಲಿ ಪವರ್ ಫ್ಯಾಕ್ಟರ್ (ವೋಲ್ಟ್-ಆಂಪಿಯರಿನಲ್ಲಿ ನಿಜವಾದ ವ್ಯಾಟಿನ ಪಾಲು) ಸರಿಪಡಿಸುವ ಸರ್ಕ್ಯೂಟ್ ಸಾಮಾನ್ಯವಾಗಿ ಇರುವುದಿಲ್ಲ, ಹಾಗಾಗಿ ಅಂಕಿ ಎರಡು ಪಟ್ಟಿನ ಹತ್ತಿರ ಉಬ್ಬುತ್ತದೆ. ಈ ಲೆಕ್ಕ ನಂಬಿ 130 ವ್ಯಾಟಿನ ಅಡಾಪ್ಟರ್ ಕೊಳ್ಳುವವರಿದ್ದಾರೆ.

63 ಎಂಬುದು ಮಿತಿಗೆ ತಾಗಿ ನಿಂತ ಅಂಕಿ. ಲ್ಯಾಪ್‌ಟಾಪಿನ ಚಾರ್ಜಿಂಗ್ ಸರ್ಕ್ಯೂಟ್ ಮೊದಲು ಯಂತ್ರಕ್ಕೆ ಬಡಿಸಿ, ಉಳಿದದ್ದನ್ನು ಬ್ಯಾಟರಿಗೆ ಕೊಡುತ್ತದೆ. 65ರಲ್ಲಿ ಭಾರಿ ಹೊರೆ ಬಿದ್ದರೆ ಚಾರ್ಜ್ ನಿಧಾನವಾಗುತ್ತದೆ, ಅಷ್ಟೇ. 45 ವ್ಯಾಟಿನದಾದರೆ ಅದೇ ಹೊರೆಯಲ್ಲಿ ಬ್ಯಾಟರಿ ತೀರ ನಿಧಾನವಾಗಿ ಏರುತ್ತದೆ.

ದಿನ 4: ಬಲ್ಬಿನ ಪರೀಕ್ಷೆ

ಖಾಲಿ ಅಡಾಪ್ಟರಿಗೆ ಮಲ್ಟಿಮೀಟರ್ ಇಟ್ಟು 19.5 ನೋಡಿ ಖುಷಿಪಟ್ಟರೆ ಉಪಯೋಗವಿಲ್ಲ, ಹೊರೆ ಹಾಕಬೇಕು. ಬೈಕ್ ಸ್ಪೇರ್ ಅಂಗಡಿಯಲ್ಲಿ ಸಿಗುವ 12 ವೋಲ್ಟ್ 21 ವ್ಯಾಟಿನ ಬ್ರೇಕ್ ಲೈಟ್ ಬಲ್ಬು ನಾಲ್ಕು ಬೇಕು. ಎರಡೆರಡನ್ನು ಸರಣಿಯಲ್ಲಿ ಜೋಡಿಸಿದರೆ ಒಂದು ಜೋಡಿ ಸುಮಾರು 1.55 ಆಂಪಿಯರ್ ಎಳೆಯುತ್ತದೆ, ಎರಡು ಜೋಡಿ ಸೇರಿ 3.1.

ತಣ್ಣಗಿರುವ ಬಲ್ಬಿನ ರೋಧ ಬಿಸಿ ಬಲ್ಬಿನದಕ್ಕಿಂತ ಸುಮಾರು ಹತ್ತು ಪಟ್ಟು ಕಡಿಮೆ. ನೇರವಾಗಿ ಕೊಟ್ಟರೆ ಅಡಾಪ್ಟರ್ ಶಾರ್ಟ್ ಎಂದು ತಿಳಿದು ಟಿಕ್ ಟಿಕ್ ಅನ್ನುತ್ತ ಆರಿ ಮತ್ತೆ ಮತ್ತೆ ಆನ್ ಆಗುತ್ತದೆ. ಅದಕ್ಕೆ ಪ್ರತಿ ಜೋಡಿಗೂ 10 ಓಮ್, 10 ವ್ಯಾಟಿನ ಸಿಮೆಂಟ್ ರೆಸಿಸ್ಟರ್ ಸೇರಿಸಿ, ಎರಡು ಸೆಕೆಂಡ್ ಬಲ್ಬು ಕಾದ ಮೇಲೆ ಸ್ವಿಚ್ಚಿನಿಂದ ಕರೆಂಟ್ ರೆಸಿಸ್ಟರನ್ನು ಬಿಟ್ಟು ನೇರ ಹೋಗುವಂತೆ ಮಾಡಬೇಕು. ಪ್ಲಗ್ಗಿಗೆ ನೇರ ಕ್ಲಿಪ್ ಕಚ್ಚಿಸಬಾರದು. 7.4 ಮಿ.ಮೀ. ಸಾಕೆಟ್ಟನ್ನೇ ಬಳಸಿ. ಒಳಗೋಡೆ ಧನ, ಹೊರಮೈ ಋಣ, ನಡುವಿನ ಸೂಜಿ ಅಡಾಪ್ಟರ್ ಎಷ್ಟು ವ್ಯಾಟಿನದೆಂದು ಲ್ಯಾಪ್‌ಟಾಪಿಗೆ ಹೇಳುವ ಗುರುತಿನ ಪಿನ್. ಸೂಜಿಗೆ 19.5 ತಗುಲಿದರೆ ಗುರುತಿನ ಚಿಪ್ ಹೋಯಿತೆಂದೇ ಲೆಕ್ಕ.

ಅಸಲಿ 65: ಖಾಲಿಯಲ್ಲಿ 19.6, ಹೊರೆಯಲ್ಲಿ 19.1. ಪಾಸು.
ಹೆಸರಿಲ್ಲದ 90: ಖಾಲಿಯಲ್ಲಿ 19.4, ಹೊರೆಯಲ್ಲಿ 17.9. ಇಪ್ಪತ್ತು ನಿಮಿಷಕ್ಕೆ ಕೈ ಇಡಲಾಗದ ಬಿಸಿ. ಮೇಲಿದ್ದ ಆರ್-ಸಂಖ್ಯೆಯನ್ನು, ಅಂದರೆ ಗುಣಮಟ್ಟದ ನೋಂದಣಿ ಸಂಖ್ಯೆಯನ್ನು, ಭಾರತೀಯ ಮಾನಕ ಬ್ಯೂರೋದ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಏನೂ ಬರಲಿಲ್ಲ. ಪಕ್ಕಕ್ಕಿಟ್ಟಾಯಿತು.

ದಿನ 5: ಗುರುತಿನ ಪಿನ್, ಟೈಪ್-ಸಿ

ಡೆಲ್ ಅಡಾಪ್ಟರಿನೊಳಗೆ ಸಣ್ಣದೊಂದು ಮೆಮೊರಿ ಚಿಪ್ ಇದೆ. ಅದರಲ್ಲಿ 065195033 ಎಂಬಂಥ ಸಾಲು: 65 ವ್ಯಾಟ್, 19.5 ವೋಲ್ಟ್, 3.3 ಆಂಪಿಯರ್. ಲ್ಯಾಪ್‌ಟಾಪಿಗೆ ಇದನ್ನು ಓದಲಾಗದಿದ್ದರೆ ಯಂತ್ರ ಓಡುತ್ತದೆ, ಬ್ಯಾಟರಿ ಏರುವುದಿಲ್ಲ, ಪ್ರೊಸೆಸರ್ ಕೆಳಗಿನ ವೇಗಕ್ಕೆ ಇಳಿದು ತೆವಳುತ್ತದೆ. "ವಿಂಡೋಸ್ ಹಾಳಾಗಿದೆ" ಎಂದು ಫಾರ್ಮ್ಯಾಟ್ ಮಾಡಿಸುವ ಮುಂಚೆ ಯಂತ್ರ ಆನ್ ಆಗುವಾಗ ಎಫ್2 ಒತ್ತಿ ಬಯಾಸ್‌ನಲ್ಲಿ (ವಿಂಡೋಸ್‌ಗೂ ಮುಂಚೆ ಬರುವ ಸೆಟ್ಟಿಂಗ್ ಪರದೆಯಲ್ಲಿ) ಅಡಾಪ್ಟರ್ ಎಷ್ಟು ವ್ಯಾಟ್ ಎಂದು ತೋರಿಸುತ್ತಿದೆ ನೋಡಿ.

ಟೈಪ್-ಸಿ ದಾರಿಯಲ್ಲಿ 20 ವೋಲ್ಟ್ ಬರುತ್ತದೆ. 19.5ಕ್ಕಿಂತ ಅರ್ಧ ವೋಲ್ಟ್ ಹೆಚ್ಚು, ತೊಂದರೆಯಿಲ್ಲ. ಸಮಸ್ಯೆ ಬೇರೆ. ಪರಿವರ್ತಕದ ತುದಿಯಲ್ಲಿರುವ ಚಿಪ್ 90 ಎಂದು ಹೇಳಿತು, ಹಿಂದಿರುವ ಚಾರ್ಜರ್ 65. ಲ್ಯಾಪ್‌ಟಾಪ್ ನಂಬಿ ಹೆಚ್ಚು ಎಳೆದಾಗ ಚಾರ್ಜರ್ ಆರಿ ಮತ್ತೆ ಆನ್ ಆಯಿತು, ಮತ್ತೆ ಆರಿತು. ಜೊತೆಗೆ, ಎಷ್ಟು ಕರೆಂಟ್ ತಾಳುತ್ತದೆಂದು ಚಾರ್ಜರಿಗೆ ಹೇಳುವ ಇ-ಮಾರ್ಕರ್ ಚಿಪ್ ಇಲ್ಲದ ಸಾಮಾನ್ಯ ಕೇಬಲ್ 3 ಆಂಪಿಯರಿಗೆ, ಅಂದರೆ 60 ವ್ಯಾಟಿಗೆ, ನಿಲ್ಲುತ್ತದೆ. ಎರಡನೇ ಪೋರ್ಟಿಗೆ ಫೋನ್ ಸಿಕ್ಕಿಸಿದರೆ ಚಾರ್ಜರ್ ಪಾಲನ್ನು ಮತ್ತೆ ಹಂಚಲು ಕ್ಷಣಕಾಲ ಕರೆಂಟ್ ಕಡಿಯುತ್ತದೆ. ಬ್ಯಾಟರಿ ಸತ್ತ ಲ್ಯಾಪ್‌ಟಾಪ್ ಆಗಲೇ ಆರುತ್ತದೆ. ಪ್ರಯಾಣಕ್ಕೆ ಸರಿ, ಮೇಜಿಗಲ್ಲ.

ದಿನ 7: ತೀರ್ಮಾನ, ಬೆಸುಗೆ

ಅಸಲಿ 65 ಉಳಿಯಿತು. ದಿನದ ಕೆಲಸಕ್ಕೆ 14ರಿಂದ 37 ವ್ಯಾಟ್ ಸಾಕಾಗುವಾಗ 90 ಬೇಕಿಲ್ಲ. ಡಾಕ್ (ಹೊರಗಿನ ಪರದೆ, ಕೀಲಿಮಣೆಗಳನ್ನು ಒಟ್ಟಿಗೆ ಜೋಡಿಸುವ ಪೀಠ) ಸೇರಿಸುವುದಾದರೆ ಮಾತ್ರ ಬೇಕು.

ಪ್ಲಗ್ ಸಮೇತ ಅಚ್ಚಾದ ಹೊಸ ತಂತಿ ತಂದು, ಹಳೆಯದನ್ನು ನಲುಗಿದ ಜಾಗದಿಂದ ಒಂದು ಗೇಣು ಹಿಂದೆ ಕತ್ತರಿಸಲಾಯಿತು. ಅಡಾಪ್ಟರಿನ ಡಬ್ಬಿ ಬಿಚ್ಚಿಲ್ಲ, ಬಿಚ್ಚಲೂಬಾರದು. ಗೋಡೆಯಿಂದ ತೆಗೆದ ಮೇಲೂ ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟಿನ ಆಸುಪಾಸು ಕೂತಿರಬಹುದು. ತಂತಿಯೊಳಗೆ ಮೂರು ಎಳೆ: ಹೊರಗಿನ ಜಡೆ ಋಣ, ದಪ್ಪದ್ದು ಧನ, ಕೂದಲಿನಂಥದ್ದು ಗುರುತಿನದು. ಮುರಿದಿದ್ದದ್ದು ಆ ಕೂದಲಿನಂಥದ್ದೇ. ಹೀಟ್ ಶ್ರಿಂಕ್ ಸ್ಲೀವನ್ನು ಬೆಸುಗೆಗೆ ಮೊದಲೇ ತೂರಿಸಬೇಕು. ಮೂರು ಜೋಡಣೆಗಳನ್ನು ಒಂದೇ ಸಾಲಿಗೆ ತರದೆ ಒಂದೊಂದು ಸೆಂಟಿಮೀಟರ್ ಹಿಂದೆಮುಂದೆ ಇಟ್ಟರೆ ಶಾರ್ಟ್ ಆಗುವ ಭಯವಿಲ್ಲ, ಗಂಟೂ ದಪ್ಪವಾಗುವುದಿಲ್ಲ.

ಬಯಾಸ್‌ನಲ್ಲಿ 65 ವ್ಯಾಟ್ ಬಂತು, ಬ್ಯಾಟರಿ ಏರುತ್ತಿದೆ. ಬಲ್ಬಿನ ಹೊರೆಯಲ್ಲಿ ಮತ್ತೆ 19.1. ಮೂರು ಪಿನ್ನಿನ ಪವರ್ ಕಾರ್ಡನ್ನು ಅರ್ಥಿಂಗ್ ಇರುವ ಸಾಕೆಟ್ಟಿಗೇ ಹಾಕಿದ ಮೇಲೆ ಲೋಹದ ಮೈ ಮುಟ್ಟಿದಾಗ ಆಗುತ್ತಿದ್ದ ಜುಮ್ಮೂ ನಿಂತಿದೆ. ಬಾಕಿ ಇರುವುದು ಏಪ್ರಿಲ್ ಮಧ್ಯಾಹ್ನದ ಬಿಸಿಯಲ್ಲಿ ಎರಡು ತಾಸು ಪೂರ್ತಿ ಹೊರೆ ಹಾಕಿ ಜೋಡಣೆಯ ಜಾಗ ಬಿಸಿಯಾಗುತ್ತದೆಯೇ ಎಂದು ನೋಡುವುದು.