‘ಪಾಪ, ಫೆರೆರ್’ ಎನ್ನುವವರಿಗೆ

ಟೆನಿಸ್ ಮಾತು ಬಂದಾಗಲೆಲ್ಲ ನನಗೆ ಎದುರಾಗುವ ಪ್ರಶ್ನೆ ಒಂದೇ: ‘ನಾಲ್ಕು ಅತಿದೊಡ್ಡ ಟೂರ್ನಿಗಳಲ್ಲಿ, ಅಂದರೆ ಗ್ರ್ಯಾನ್‌ಸ್ಲಾಮ್‌ಗಳಲ್ಲಿ, ಒಂದನ್ನೂ ಗೆಲ್ಲದ ಸ್ಪೇನಿನ ಡೇವಿಡ್ ಫೆರೆರ್ ನಿಮಗೆ ಅಷ್ಟೇಕೆ ಇಷ್ಟ?’ ಬಾಯಲ್ಲಿ ಹೇಳಿ ಹೇಳಿ ಸಾಕಾಗಿರುವುದರಿಂದ ಈಗ ಬರೆದಿಡುತ್ತಿದ್ದೇನೆ. ಪ್ರಶ್ನೆಗಿಂತಲೂ ನನ್ನನ್ನು ಕೆರಳಿಸುವುದು ಅದರ ಬೆನ್ನಿಗೇ ಬರುವ ‘ಪಾಪ, ತಮ್ಮದೇ ದೇಶದ ದಿಗ್ಗಜ ನಡಾಲ್ ಕಾಲದಲ್ಲಿ ಹುಟ್ಟಿಬಿಟ್ಟರು’ ಎಂಬ ಮಾತು. 27 ಪ್ರಶಸ್ತಿಗಳನ್ನು ಗೆದ್ದವರಿಗೆ, ಸ್ಪೇನ್ ತಂಡದೊಂದಿಗೆ ಮೂರು ಬಾರಿ, ದೇಶಗಳ ನಡುವಿನ ತಂಡ ಸ್ಪರ್ಧೆಯಾದ ಡೇವಿಸ್ ಕಪ್ ಎತ್ತಿದವರಿಗೆ ನಿಮ್ಮ ಕನಿಕರದ ಅಗತ್ಯವಿಲ್ಲ.

2016ರ ಸೆಪ್ಟೆಂಬರ್‌ನಲ್ಲಿ ಭಾರತ–ಸ್ಪೇನ್ ಡೇವಿಸ್ ಕಪ್ ಹಣಾಹಣಿ ನೋಡಲು ದೆಹಲಿಗೆ ಹೋಗಿದ್ದೆ. ಹೊಟ್ಟೆ ಕೆಟ್ಟು ನಡಾಲ್ ಮೊದಲ ದಿನದ ಸಿಂಗಲ್ಸ್‌ನಿಂದ ಹಿಂದೆ ಸರಿದರೆಂದು ತಿಳಿದಾಗ, ಪಕ್ಕದ ಆಸನದಲ್ಲಿದ್ದವರು ಟಿಕೆಟ್ ದಂಡವಾಯಿತೆಂದು ಗೊಣಗಿದರು. ಆ ದಿನ ಫೆರೆರ್ ಭಾರತದ ಸಾಕೇತ್ ಮೈನೇನಿ ಅವರನ್ನು 6-1, 6-2, 6-1ರಿಂದ ಸೋಲಿಸಿದರು. ಪಂದ್ಯ ಕೈಯಲ್ಲಿದ್ದಾಗಲೂ, ಮೂರನೇ ಸೆಟ್‌ನಲ್ಲಿ, ಅಂಕಣದ ಮೂಲೆಗೆ ಜಾರುತ್ತಿದ್ದ ಚೆಂಡಿನ ಹಿಂದೆ ಅವರು ಓಡಿದ ಪರಿ ನನ್ನ ಕಣ್ಣಿಗೆ ಕಟ್ಟಿದಂತಿದೆ. ಗೊಣಗಿದವರು ಆಮೇಲೆ ಅವರನ್ನೇ ನೋಡುತ್ತ ಕುಳಿತರು.

ನನ್ನನ್ನು ಯಾರೂ ಕೇಳದ, ಆದರೆ ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ. ಕೇವಲ 175 ಸೆಂಟಿಮೀಟರ್ ಎತ್ತರದ, ಸಿಡಿಲಿನಂಥ ಸರ್ವ್ ಇಲ್ಲದ ಆಟಗಾರ 2012ರಿಂದ 2014ರವರೆಗೆ ಸತತ ಹತ್ತು ಗ್ರ್ಯಾನ್‌ಸ್ಲಾಮ್‌ಗಳಲ್ಲಿ ಕ್ವಾರ್ಟರ್‌ಫೈನಲ್ ತಲುಪಿದ್ದಾದರೂ ಹೇಗೆ? ಎದುರಾಳಿಯ ಸರ್ವ್ ಮರಳಿಸುವುದರಲ್ಲಿ ಅವರಿಗೆ ಸರಿಸಾಟಿಯಾದವರು ಬಹಳ ಕಡಿಮೆ. ಬ್ಯಾಕ್‌ಹ್ಯಾಂಡ್ ಕಡೆಗೆ ಬಂದ ಚೆಂಡನ್ನೂ ಪುಟ್ಟ ಪುಟ್ಟ ಹೆಜ್ಜೆಗಳಲ್ಲಿ ಸುತ್ತಿ ಬಂದು ಫೋರ್‌ಹ್ಯಾಂಡ್‌ನಿಂದ ಹೊಡೆಯುವುದು ಅವರ ಪದ್ಧತಿಯಾಗಿತ್ತು, ಅದನ್ನು ಐದು ಸೆಟ್‌ಗಳವರೆಗೂ ಮಾಡಬಲ್ಲ ಕಾಲುಗಳು ಅವರಿಗಿದ್ದವು. ಹದಿಹರೆಯದಲ್ಲಿ ಟೆನಿಸ್ ಬಿಟ್ಟು ಕಟ್ಟಡ ಕೆಲಸಕ್ಕೆ ಹೋಗಿ, ಒಂದೇ ವಾರದಲ್ಲಿ ಅಂಕಣಕ್ಕೆ ಮರಳಿದ ಹುಡುಗ ಅವರು. 2009ರ ಡೇವಿಸ್ ಕಪ್ ಫೈನಲ್‌ನಲ್ಲಿ, ಬಾರ್ಸಿಲೋನಾದಲ್ಲಿ, ಚೆಕ್ ಆಟಗಾರ ರಾಡೆಕ್ ಸ್ಟೆಪಾನೆಕ್ ವಿರುದ್ಧ ಮೊದಲೆರಡು ಸೆಟ್‌ಗಳನ್ನು 1-6, 2-6ರಿಂದ ಕಳೆದುಕೊಂಡೂ ಅವರು ಗೆದ್ದರು. ಸ್ಪೇನಿನ ಜನ ಅವರನ್ನು ಅಕ್ಕರೆಯಿಂದ ‘ಫೆರು’ ಎಂದು ಕರೆಯುವುದು ಇಂಥವುಗಳಿಗಾಗಿಯೇ.

ಅವರ ಸೋಲುಗಳನ್ನು ನಾನು ಮುಚ್ಚಿಡುವುದಿಲ್ಲ. ಫೆಡರರ್ ವಿರುದ್ಧ ಆಡಿದ 17 ಪಂದ್ಯಗಳಲ್ಲಿ ಒಂದನ್ನೂ ಅವರು ಗೆಲ್ಲಲಿಲ್ಲ. ನನಗೆ ಇಂದಿಗೂ ನೋವು ಕೊಡುವುದು ಮಾತ್ರ 2013ರ ಮಯಾಮಿ ಫೈನಲ್. ಮೂರನೇ ಸೆಟ್‌ನಲ್ಲಿ 6-5ರ ಮುನ್ನಡೆ, ಕೈಯಲ್ಲಿ ಮ್ಯಾಚ್ ಪಾಯಿಂಟ್: ಇನ್ನೊಂದೇ ಅಂಕ ಗೆದ್ದರೆ ಪ್ರಶಸ್ತಿ. ಎದುರಾಳಿ ಆಂಡಿ ಮರ್ರೆ ಹೊಡೆದ ಫೋರ್‌ಹ್ಯಾಂಡ್ ಹೊರಗೆ ಬಿದ್ದಿತೆಂದು ಭಾವಿಸಿದ ಫೆರೆರ್ ಆಟ ನಿಲ್ಲಿಸಿ, ಚೆಂಡು ಬಿದ್ದ ಜಾಗವನ್ನು ಪರದೆಯಲ್ಲಿ ತೋರಿಸುವ ಹಾಕ್-ಐ ಮೊರೆ ಹೋದರು. ಪರದೆಯ ಮೇಲೆ ಚೆಂಡು ಗೆರೆಯನ್ನು ಸವರಿತ್ತು, ಅಂದರೆ ಅಂಕ ಮರ್ರೆಯದು. ಸೆಟ್ ನಿರ್ಧರಿಸುವ ಟೈಬ್ರೇಕರ್ 7-1ರಿಂದ ಮರ್ರೆ ಪಾಲಾಯಿತು. ಎಂಥ ಚೆಂಡನ್ನೂ ಬಿಡದೆ ಬೆನ್ನಟ್ಟುತ್ತಿದ್ದವರು ಆ ಒಂದಕ್ಕೆ ನಿಂತುಬಿಟ್ಟರು.

ಹತ್ತು ವಾರಗಳ ಬಳಿಕ ಅದೇ ಫೆರೆರ್ ಒಂದೂ ಸೆಟ್ ಸೋಲದೆ ಫ್ರೆಂಚ್ ಓಪನ್ ಫೈನಲ್ ತಲುಪಿದರು. ನಡಾಲ್ ಅಲ್ಲಿ ನೇರ ಸೆಟ್‌ಗಳಿಂದ ಗೆದ್ದರು, ನಿಜ. ಆದರೆ ವಿಶ್ವ ರ‍್ಯಾಂಕಿಂಗ್‌ಗೆ ಕಳೆದ ಒಂದು ವರ್ಷದ ಅಂಕಗಳಷ್ಟೇ ಲೆಕ್ಕ; ಹಿಂದಿನ ವರ್ಷವೂ ಅವರೇ ಚಾಂಪಿಯನ್ ಆಗಿದ್ದರಿಂದ ಅವರ ಖಾತೆಗೆ ಹೆಚ್ಚುವರಿ ಅಂಕ ಸೇರಲಿಲ್ಲ, ಫೆರೆರ್ ಖಾತೆಗೆ ಸೇರಿತು. ಮರುದಿನದ ವಿಶ್ವ ರ‍್ಯಾಂಕಿಂಗ್ ಪಟ್ಟಿಯಲ್ಲಿ ಸೋತ ಫೆರೆರ್ 4ನೇ ಸ್ಥಾನದಲ್ಲಿದ್ದರು, ಗೆದ್ದ ನಡಾಲ್ 5ನೇ ಸ್ಥಾನದಲ್ಲಿದ್ದರು. ಜುಲೈನಲ್ಲಿ ಫೆರೆರ್ 3ನೇ ಸ್ಥಾನಕ್ಕೇರಿದರು.